ಮಲೆನಾಡಿನಲ್ಲಿ ಚಳಿಗಾಲದ ಪೇರಲೆ ಪಡೆಯುವುದು ಹೀಗೆ

ತೀರ್ಥಹಳ್ಳಿ ಕಡೆ ಪೇರಲೆ ಬೆಳೆಯುವವರಿಗೆ ನನ್ನ ಮೊದಲ ಮಾತು: ಮಳೆಗಾಲದ ಫಸಲಿನ ಆಸೆ ಬಿಡಿ. ಕಾಯಿ ಜಾಸ್ತಿ, ನಿಜ. ಆದರೆ ಪುನರ್ವಸು ಮಳೆಯಲ್ಲಿ ಹಣ್ಣಾದದ್ದು ಬರೀ ನೀರು. ಒಡೆದರೆ ಒಳಗೆ ಹಣ್ಣುನೊಣದ ಹುಳ.

ಫೆಬ್ರವರಿ, ಮಾರ್ಚ್‌ನ ಹೂವೇ ಮಳೆಗಾಲದ ಕಾಯಿ. ಹಾಗಾಗಿ ಚಳಿ ಮುಗಿಯುತ್ತಲೇ ನೀರು ನಿಲ್ಲಿಸಿ. ಬಯಲುಸೀಮೆಯಲ್ಲಿ ಇದು ಸುಲಭ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಬಿದ್ದರೂ ಗಿಡ ಚಿಗುರಿ ಮತ್ತೆ ಹೂ ಬಿಡುತ್ತದೆ. ಆಗ ಹೂ, ಮಿಡಿ ಎಲ್ಲ ಕೈಯಲ್ಲೇ ಕಿತ್ತುಹಾಕಿ. ಮನೆಯವರು ಬೈಯ್ಯುತ್ತಾರೆ, ಬೈಯ್ಯಲಿ. ಮೇ ತಿಂಗಳಲ್ಲಿ ಕೊಂಬೆಯ ತುದಿ ಅರ್ಧ ಗೇಣು ಕತ್ತರಿಸಿ, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಕೊಡಿ. ಪೇರಲೆ ಹೂ ಬಿಡುವುದೇ ಹೊಸ ಚಿಗುರಿನಲ್ಲಿ, ಅಲ್ವಾ? ಜೂನ್, ಜುಲೈನ ಹೂವು ನವೆಂಬರ್‌ನಿಂದ ಜನವರಿವರೆಗೆ ಹಣ್ಣಾಗುತ್ತದೆ. ಕಾಯಿ ಕಡಿಮೆ, ಆದರೆ ಗಟ್ಟಿ, ಸಿಹಿ, ಸಿ ಜೀವಸತ್ವವೂ ಜಾಸ್ತಿ.

ಅಲಹಾಬಾದ್ ಸಫೇದಾ, ಲಕ್ನೋ 49 ಎರಡೂ ತಳಿಗಳಿಗೆ ಇದೇ ಕ್ರಮ. ಅರ್ಕಾ ಕಿರಣ್‌ನ ತಿರುಳು ಮಳೆಯಲ್ಲೂ ಕೆಂಪೇ, ರುಚಿ ಮಾತ್ರ ಚಳಿಯಲ್ಲಿ. ಸಿಪ್ಪೆ ಕೆಂಪಾಗುವ ತಳಿಗಳಿಗಂತೂ ರಾತ್ರಿ ಚಳಿ ಬೇಕೇ ಬೇಕು.

ಕಣ್ತಪ್ಪಿ ಉಳಿದ ಮಳೆಗಾಲದ ಕಾಯಿಯನ್ನು ಹಣ್ಣಾಗುವ ಮೊದಲೇ ಕೀಳಿ. ಉದುರಿದ್ದನ್ನು ಸುಮ್ನೆ ಬಿಡಬೇಡಿ, ಆಳವಾಗಿ ಹೂಳಿ. ಇಲ್ಲದಿದ್ದರೆ ಅದೇ ನೊಣ ಮುಂದಿನ ಫಸಲಿಗೂ ಬರುತ್ತದೆ.