ಎಲೆ ನೋಡುವ ಮೊದಲು ಕುರ್ಚಿ ನೋಡಿ

ಪೋಕರ್ ಹೊಸದಾಗಿ ಕಲಿಯುವವರ ಪಕ್ಕ ಕೂತು ಸಾಕಷ್ಟು ನೋಡಿದ್ದೇನೆ. ಎಲೆ ಬಂದದ್ದೇ ತಡ, ಮೂಲೆ ಎತ್ತಿ ಇಣುಕುತ್ತಾರೆ. ಎಕ್ಕ ಕಂಡಿತೋ, ಮುಖ ಅರಳಿತು, ಚಿಪ್ ಮುಂದೆ ಹೋಯಿತು. ತನ್ನ ಸರದಿ ಎಷ್ಟನೆಯದು ಎಂಬ ಯೋಚನೆಯೇ ಇರುವುದಿಲ್ಲ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ (ಕೈಗೆ ಎರಡೆರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬರುವ ಪೋಕರ್) ದುಡ್ಡು ಸೋರುವುದು ಇಲ್ಲೇ.

1. ಡೀಲರ್ ಬಟನ್ ಹುಡುಕಿ, ಅಂದರೆ ಎಲೆ ಹಂಚುವವರ ಜಾಗ ತೋರಿಸುವ ಬಿಲ್ಲೆ. ಅದರ ಎಡಕ್ಕೆ ಸ್ಮಾಲ್ ಬ್ಲೈಂಡ್, ಆಮೇಲೆ ಬಿಗ್ ಬ್ಲೈಂಡ್: ಎಲೆ ನೋಡುವ ಮೊದಲೇ ಕಡ್ಡಾಯವಾಗಿ ದುಡ್ಡು ಹಾಕುವ ಎರಡು ಕುರ್ಚಿಗಳು. ಆ ದುಡ್ಡಿಗೂ ಅದೇ ಹೆಸರು.

2. ನಿಮ್ಮ ನಂತರ ಆಡುವವರನ್ನು ಎಣಿಸಿ. ಒಂಬತ್ತು ಜನ ಕೂತಿದ್ದರೆ, ಬಿಗ್ ಬ್ಲೈಂಡ್‌ನ ಎಡಗಡೆಯವರು ಮೊದಲು ಆಡಬೇಕು. ಇನ್ನೂ ಎಂಟು ಜನರ ಕೈಯಲ್ಲಿ ಏನಿದೆಯೋ ಗೊತ್ತಿಲ್ಲ. ಬಟನ್‌ನಲ್ಲಿ ಕೂತವರಿಗೆ ಉಳಿದವರು ಇಬ್ಬರೇ. ಫ್ಲಾಪ್ (ಮೇಜಿನ ಮೊದಲ ಮೂರು ಎಲೆ), ಟರ್ನ್ (ನಾಲ್ಕನೆಯದು), ರಿವರ್ (ಐದನೆಯದು) ಮೂರರಲ್ಲೂ ಬಟನ್‌ನವರದೇ ಕೊನೆಯ ಮಾತು. ಎಲ್ಲರೂ ಏನು ಮಾಡಿದರೆಂದು ನೋಡಿಕೊಂಡು ಆಡಬಹುದು.

3. ಮೊದಲು ಆಡುವ ಮೂರು ಕುರ್ಚಿಗಳಲ್ಲಿ ಜಿಪುಣರಾಗಿ. ಎಂಟರ ಜೋಡಿ ಮತ್ತು ಅದಕ್ಕಿಂತ ದೊಡ್ಡವು, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಜಾತಿಯದಾದರೆ ಎಕ್ಕ-ಗುಲಾಮ ಮತ್ತು ರಾಜ-ರಾಣಿ. ಇಷ್ಟು ಸಾಕು. ಮಿಕ್ಕದ್ದೆಲ್ಲ ಫೋಲ್ಡ್, ಅಂದರೆ ಎಲೆ ಎಸೆದು ಹೊರಗುಳಿಯಿರಿ.

ಎಡವುವುದು ಎಕ್ಕದ ಜೊತೆ ಸಣ್ಣ ಎಲೆ ಬಂದಾಗ. ಎಕ್ಕ-ಎಂಟು ಹಿಡಿದು ಮೊದಲ ಕುರ್ಚಿಯಿಂದಲೇ ನುಗ್ಗಿದಿರಿ ಅನ್ನಿ. ಫ್ಲಾಪ್‌ನಲ್ಲಿ ಎಕ್ಕ, ಹತ್ತು, ಐದು ಬಿತ್ತು. ನಿಮಗೆ ಖುಷಿ, ಬೆಟ್ ಹಾಕಿದಿರಿ. ಆಚೆಯವರು ಸುಮ್ಮನೆ ಕಾಲ್ ಮಾಡಿದರು (ಅಷ್ಟೇ ದುಡ್ಡು ಹಾಕಿದರು). ಟರ್ನ್‌ನಲ್ಲಿ ಎರಡು, ಮತ್ತೆ ಬೆಟ್, ಮತ್ತೆ ಕಾಲ್. ರಿವರ್‌ನಲ್ಲಿ ಆರು ಬಂದ ಮೇಲೆ ಅವರು ಎಕ್ಕ-ರಾಣಿ ತೆರೆದಿಟ್ಟರು. ಇಬ್ಬರಿಗೂ ಎಕ್ಕದ ಜೋಡಿಯೇ, ಆದರೆ ಪಕ್ಕದ ಎಲೆ ಅವರದು ದೊಡ್ಡದು. ಈ ಎರಡು ಕೈಗಳು ಎದುರಾದರೆ ಸುಮಾರಾಗಿ ನಾಲ್ಕರಲ್ಲಿ ಮೂರು ಸಲ ಸೋಲು ಎಕ್ಕ-ಎಂಟಿನದೇ. ಎಕ್ಕ ಬೀಳದಿದ್ದರೆ ಚಿಕ್ಕ ನಷ್ಟ. ಬಿದ್ದರೇ ದೊಡ್ಡ ನಷ್ಟ.

'ಎರಡೂ ಆಟೀನು, ಬಿಡೋಕೆ ಮನಸ್ಸಾಗಲ್ಲ' ಎನ್ನುವವರಿಗೆ ಒಂದು ಮಾತು: ಫ್ಲಾಪ್‌ನಲ್ಲೇ ಫ್ಲಶ್ (ಐದೂ ಒಂದೇ ಜಾತಿಯ ಎಲೆ) ಕೂಡಿಬರುವುದು ನೂರಕ್ಕೆ ಒಂದು ಸಲವೂ ಇಲ್ಲ.

4. ಬಟನ್ ಹತ್ತಿರವಾದಂತೆ ಕೈ ಸಡಿಲಿಸಿ. ಅಲ್ಲಿಯವರೆಗೆ ಎಲ್ಲರೂ ಫೋಲ್ಡ್ ಮಾಡಿದ್ದರೆ ಯಾವ ಜೋಡಿಯಾದರೂ ಸರಿ, ಮೇಲೆ ಬೈದ ಎಕ್ಕ-ಎಂಟೂ ಸರಿ, ಒಂದೇ ಜಾತಿಯ ಎಂಟು-ಏಳೂ ಸರಿ. ಆದರೆ ನಿಮಗಿಂತ ಮೊದಲೇ ಯಾರಾದರೂ ರೇಸ್ ಮಾಡಿದ್ದರೆ (ಬೆಟ್ ಏರಿಸಿದ್ದರೆ) ಮತ್ತೆ ಬಿಗಿಯಾಗಿ.

169 ಬಗೆಯ ಕೈಗಳನ್ನು ಬಣ್ಣಬಣ್ಣದ ಚೌಕಗಳಲ್ಲಿ ತೋರಿಸುವ ಚಾರ್ಟ್‌ಗಳು ಬೇಕಾದಷ್ಟು ಸಿಗುತ್ತವೆ. ಎಷ್ಟು ಜನರ ಟೇಬಲ್‌ಗೆ ಎಂದು ಬರೆದಿರದ ಚಾರ್ಟ್ ಕಸಕ್ಕೆ ಸಮ. ಆರು ಜನರ ಚಾರ್ಟ್ ಹಿಡಿದು ಒಂಬತ್ತು ಜನರ ನಡುವೆ ಕೂತವರ ಪಾಡು ನೋಡಿದ್ದೇನೆ.

5. ನೀವೇ ಮೊದಲು ಆಟಕ್ಕಿಳಿಯುವುದಾದರೆ ರೇಸ್ ಮಾಡಿಯೇ ಇಳಿಯಿರಿ. ಬಿಗ್ ಬ್ಲೈಂಡ್‌ನ ಮೂರರಷ್ಟು ಸಾಕು. ಸುಮ್ಮನೆ ಕಾಲ್ ಮಾಡಿ ತೂರಿಕೊಳ್ಳುವ ಚಾಳಿ ನನಗಂತೂ ಸೇರದು.

6. ಸ್ಮಾಲ್ ಬ್ಲೈಂಡ್‌ನಲ್ಲಿ 'ಅರ್ಧ ದುಡ್ಡು ಆಗಲೇ ಹಾಕಿದ್ದೀನಲ್ಲ' ಎಂದು ಕಾಲ್ ಮಾಡಬೇಡಿ. ಹಾಕಿದ್ದು ಪಾಟ್‌ನದು (ನಡುವೆ ಸೇರಿದ ದುಡ್ಡಿನದು), ನಿಮ್ಮದಲ್ಲ. ಫ್ಲಾಪ್ ಆದ ಮೇಲೆ ಪ್ರತಿ ಸುತ್ತಲ್ಲೂ ಮೊದಲು ಬಾಯಿಬಿಡಬೇಕಾದ ಕುರ್ಚಿ ಅದು. ಬಿಗ್ ಬ್ಲೈಂಡ್‌ನಲ್ಲಿ ಇದರ ಉಲ್ಟಾ ತಪ್ಪು ನಡೆಯುತ್ತದೆ: ಯಾರೂ ರೇಸ್ ಮಾಡಿಲ್ಲ, ಆದರೂ ಏಳು-ಎರಡು ಕಂಡ ಬೇಜಾರಿಗೆ ಎಲೆ ಎಸೆದುಬಿಡುತ್ತಾರೆ. ಚೆಕ್ ಎನ್ನಿ ಸ್ವಾಮಿ (ದುಡ್ಡು ಹಾಕದೆ ಸರದಿ ದಾಟಿಸಿ), ಫ್ಲಾಪ್ ಪುಕ್ಕಟೆ.