ಉಡಿಯ ಖಣಕ್ಕೆ ಸರಿಯಾದ ಮಜೂರಿ: ನನ್ನ ಅನುಭವ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹದಿನಾಲ್ಕು ವರ್ಷದಿಂದ ಕುಬಸ, ಅಂದರೆ ರವಿಕೆ, ಹೊಲಿಯುತ್ತಿದ್ದೇನೆ. ಶ್ರಾವಣ ಮುಗಿದ ಮೇಲೆ ಹೆಂಗಸರು ಉಡಿಯಲ್ಲಿ (ಮಡಿಲು ತುಂಬಿದಾಗ) ಬಂದ ಖಣಗಳನ್ನು, ಅಂದರೆ ಕುಬಸದ ಬಟ್ಟೆಗಳನ್ನು, ಚೀಲದ ತುಂಬಾ ತರುತ್ತಾರೆ. "ಇದರಾಗ ಹೊಲಿಯಾಕ ಬರೂದು ಯಾವುದರ ಐತೇನು ನೋಡ್ರಿ" ಎಂದು ಟೇಬಲ್ ಮೇಲೆ ಸುರಿಯುತ್ತಾರೆ. ಎಷ್ಟೋ ಸಲ ಒಂದೂ ಸಿಗುವುದಿಲ್ಲ. ಎಲ್ಲ ತೆಳ್ಳನೆಯ ಪಾಲಿಯೆಸ್ಟರ್. ಹೊಲಿಗೆ ಹಾಕಿದ ಜಾಗದಲ್ಲೇ ಎಳೆ ಬಿಡುತ್ತದೆ, ಬೆವರು ಹೀರುವುದಿಲ್ಲ. ಆ ಖಣ ಮತ್ತೆ ಟ್ರಂಕಿಗೆ ಹೋಗುತ್ತದೆ, ಮುಂದಿನ ಹಬ್ಬಕ್ಕೆ ಇನ್ನೊಬ್ಬರ ಉಡಿಗೆ ಬೀಳುತ್ತದೆ. ಯಾರೂ ಉಡದ ಬಟ್ಟೆ ಹೀಗೆ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ.

ಇದು ನನಗೆ ತುಂಬಾ ಬೇಸರ ತರುತ್ತಿತ್ತು. ಯಾಕಂದ್ರೆ ಖಣ ಅಂದರೆ ಗುಳೇದಗುಡ್ಡ, ಅದು ನಮ್ಮದೇ ಜಿಲ್ಲೆ. ಇಳಕಲ್ ಸೀರೆಯ ಹಾಗೆ ಗುಳೇದಗುಡ್ಡದ ಖಣಕ್ಕೂ ಜಿಐ ಟ್ಯಾಗ್ (ಊರಿನ ಹೆಸರಿನ ಗುರುತು) ಇದೆ. ಬಸ್ ಹತ್ತಿದರೆ ಬೆಳಗಿನ ಹೊತ್ತಿನಲ್ಲೇ ಹೋಗಿ ಬರಬಹುದು. ಒಂದು ದಿನ ಅಂಗಡಿ ಮುಚ್ಚಿ ಹೋದೆ.

ಪರಿಚಯದವರೊಬ್ಬರು ಒಂದು ನೇಕಾರರ ಮನೆ ತೋರಿಸಿದರು. ನಡುಮನೆಯಲ್ಲೇ ಕುಣಿಮಗ್ಗ. ಗಂಡ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಓಡಿಸುತ್ತಿದ್ದರು. ಹೆಂಡತಿ ಬಾಗಿಲ ಬೆಳಕಿನಲ್ಲಿ ಕೂತು, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನೂಲು ಸಾವ್ಕಾರರದು, ಮಜೂರಿ ಮಾತ್ರ ಇವರದು. ಮದುವೆಗೋ ಆಸ್ಪತ್ರೆಗೋ ತಗೊಂಡ ಮುಂಗಡ ತೀರುವವರೆಗೆ ಬೇರೆಯವರಿಗೆ ನೇಯುವ ಹಾಗಿಲ್ಲ. ಒಂದು ಖಣಕ್ಕೆ ಅವರಿಗೆ ಸಿಗುತ್ತಿದ್ದುದು 80 ರೂಪಾಯಿ. ದಿನಕ್ಕೆ ನಾಲ್ಕು ಖಣ ಆದರೆ ಅವತ್ತು ಕೆಲಸ ಚೆನ್ನಾಗಿ ಸಾಗಿತು ಅಂತ ಅರ್ಥ. ಆ 80 ರೂಪಾಯಿಯಲ್ಲಿ ಕಂಡಿಕೆ ಸುತ್ತಿದ್ದಕ್ಕೆ ಬೇರೆ ಲೆಕ್ಕವೇ ಇರಲಿಲ್ಲ.

ನಮ್ಮ ಸ್ವಸಹಾಯ ಸಂಘದ ತರಬೇತಿಯೊಂದರಲ್ಲಿ ಫೇರ್ ಟ್ರೇಡ್, ಅಂದರೆ ತಯಾರಿಸುವವರಿಗೆ ನ್ಯಾಯವಾದ ಬೆಲೆ ಸಿಗುವ ವ್ಯಾಪಾರದ ಬಗ್ಗೆ ಕೇಳಿದ್ದೆ. ವರ್ಲ್ಡ್ ಫೇರ್ ಟ್ರೇಡ್ ಆರ್ಗನೈಸೇಶನ್ ಎಂಬ ಸಂಸ್ಥೆ ಇದಕ್ಕೆ ಹತ್ತು ತತ್ವಗಳನ್ನು ಹಾಕಿಕೊಂಡಿದೆ. ಅದರಲ್ಲಿ ಒಂದು ಮಾತು ನನ್ನ ತಲೆಯಲ್ಲಿ ಉಳಿದಿತ್ತು: ಕರಕುಶಲ ವಸ್ತು ಕೊಳ್ಳುವವರು, ತಯಾರಿಸುವವರು ಕೇಳಿದರೆ ಕನಿಷ್ಠ 50 ಪರ್ಸೆಂಟ್ ಹಣವನ್ನು ಬಡ್ಡಿ ಇಲ್ಲದೆ ಮೊದಲೇ ಕೊಡಬೇಕು. ಆ ಮನೆಯಲ್ಲಿ ಕೂತಾಗ ಈ ಮಾತು ಯಾಕೆ ಇದೆ ಅಂತ ಅರ್ಥವಾಯಿತು. ಬೆಲೆ ಎಷ್ಟೇ ಜಾಸ್ತಿ ಕೊಡುತ್ತೇನೆ ಅಂದರೂ ನೂಲು ತರಲು ಅವರ ಕೈಯಲ್ಲಿ ದುಡ್ಡಿರಲಿಲ್ಲ. ಹಿಂದಿನ ಮುಂಗಡ ಅದಾಗಲೇ ತೀರುತ್ತಾ ಬಂದಿತ್ತು. ಅದು ಪೂರ್ತಿ ಮುಗಿಯುವವರೆಗೆ ಎರಡು ತಿಂಗಳು ಕಾದೆ. ಆಮೇಲೆ ಸಂಘದಿಂದ ಸಾಲ ತೆಗೆದು, ಅರ್ಧ ಹಣ ಮೊದಲೇ ಕೊಟ್ಟು, 60 ಖಣಕ್ಕೆ ಆರ್ಡರ್ ಕೊಟ್ಟೆ.

ಮಾರುವುದೇ ಕಷ್ಟವಾಯಿತು. ಅಂಗಡಿ ಮುಂದೆ "ನ್ಯಾಯಬೆಲೆ ಖಣ" ಎಂದು ಬೋರ್ಡ್ ಬರೆಸಿದ್ದೆ. ಫೇರ್ ಟ್ರೇಡ್‌ಗೆ ಕನ್ನಡದಲ್ಲಿ ಅದೇ ಸರಿ ಅನಿಸಿತ್ತು. ಆದರೆ ನಮ್ಮ ಜನಕ್ಕೆ ನ್ಯಾಯಬೆಲೆ ಅಂಗಡಿ ಅಂದರೆ ರೇಷನ್ ಅಂಗಡಿ ಅಲ್ವಾ? ಅಗ್ಗದಲ್ಲಿ ಸಿಗುತ್ತದೆ ಎಂದು ಬಂದವರು 320 ರೂಪಾಯಿ ಕೇಳಿ ಹಿಂದೆ ಸರಿದರು. ಪೇಟೆಯಲ್ಲಿ 50 ರೂಪಾಯಿಗೂ ಖಣ ಸಿಗುತ್ತದೆ. ಆಗ ನಾನು ನೇಕಾರರ ಕಷ್ಟ ಹೇಳತೊಡಗಿದೆ. ಮಣ್ಣಿನ ಮನೆ, ಮಕ್ಕಳ ಫೀಸು, ಮಳೆಗಾಲದಲ್ಲಿ ಕುಣಿಗೆ ಜಿನುಗುವ ನೀರು, ಎಲ್ಲವನ್ನೂ. ಕನಿಕರಪಟ್ಟು ಕೆಲವರು ಒಂದೊಂದು ಕೊಂಡರು. ಮತ್ತೆ ಬರಲಿಲ್ಲ.

ಒಮ್ಮೆ ಲೆಕ್ಕಕ್ಕೆಂದು ನೇಕಾರರ ಮನೆಯಾಕೆ ಅಂಗಡಿಗೆ ಬಂದಿದ್ದರು. ನಾನು ಗಿರಾಕಿಗೆ ಹೇಳುತ್ತಿದ್ದ ಮಾತೆಲ್ಲ ಅವರ ಕಿವಿಗೆ ಬಿತ್ತು. ಗಿರಾಕಿ ಹೋದ ಮೇಲೆ ಮೆಲ್ಲಗೆ ಅಂದರು, "ಅಕ್ಕಾರ, ನಾವು ಬಡವ್ರು ಅಂತ ಹೇಳಿ ಮಾರಬ್ಯಾಡ್ರಿ. ಖಣ ಛಲೋ ಐತಿ ಅಂತ ಹೇಳ್ರಿ."

ನನಗೆ ಬಹಳ ನಾಚಿಕೆಯಾಯಿತು. ಅವತ್ತೇ ಬೋರ್ಡ್ ಇಳಿಸಿದೆ. ಬಟ್ಟೆಯ ಬಗ್ಗೆ ಹೇಳುವುದು ನನ್ನ ಕಸುಬು, ಅದನ್ನೇ ಬಿಟ್ಟು ಬೇರೆಲ್ಲ ಹೇಳುತ್ತಿದ್ದೆ.

ಈಗ ಟೇಬಲ್ ಮೇಲೆ ಒಂದು ತಟ್ಟೆ, ಬೆಂಕಿಪೊಟ್ಟಣ ಇಟ್ಟಿರುತ್ತೇನೆ. ಗಿರಾಕಿ ತಂದ ಅಗ್ಗದ ಖಣದಿಂದ ಒಂದು ಎಳೆ ಕಿತ್ತು ಸುಡುತ್ತೇನೆ. ಅದು ಕರಗಿ ಗಟ್ಟಿ ಮಣಿಯಾಗುತ್ತದೆ. ನಮ್ಮ ಖಣದ ಹತ್ತಿಯ ಎಳೆ ಸುಟ್ಟರೆ ಕಾಗದದ ವಾಸನೆ ಬರುತ್ತದೆ, ಬೂದಿಯಾಗುತ್ತದೆ. ಆಮೇಲೆ ಬಟ್ಟೆಯ ಅಂಚು ತೋರಿಸುತ್ತೇನೆ. ನೇಯುವಾಗ ಅಗಲ ಕುಗ್ಗದಂತೆ ಹಿಡಿಯುವ ಕೋಲಿನ ಮೊಳೆ ಚುಚ್ಚಿದ ಸಣ್ಣ ತೂತುಗಳು ಅಲ್ಲಿರುತ್ತವೆ. ಇಷ್ಟೇ. ಹೆಚ್ಚು ಮಾತು ಬೇಕಾಗುವುದಿಲ್ಲ.

ಪ್ರತಿ ಖಣದ ಜೊತೆ ಒಂದು ಚೀಟಿಯನ್ನೂ ಕೊಡುತ್ತೇನೆ. ನೂಲು ಮತ್ತು ಬಣ್ಣ 120. ನೇಯ್ಗೆ 110. ಕಂಡಿಕೆ ಸುತ್ತಿದ್ದು 30. ಬಸ್ಸು, ಕವರ್ 15. ಅಂಗಡಿ 45. ಒಟ್ಟು 320. ಕಂಡಿಕೆಯ 30 ರೂಪಾಯಿ ಮನೆಯಾಕೆಯ ಕೈಗೇ ಹೋಗುತ್ತದೆ. ನನ್ನ 45 ಬರೆಯಲು ಮೊದಲು ಹಿಂಜರಿದೆ. ಆದರೆ ನೇಕಾರರ ಲೆಕ್ಕ ಬಿಚ್ಚಿಟ್ಟು ನನ್ನದು ಮುಚ್ಚಿಡುವುದು ಸರಿಯಲ್ಲ. ಚೀಟಿ ನೋಡಿದ ಮೇಲೆ ಚೌಕಾಸಿ ತುಂಬಾ ಕಡಿಮೆಯಾಯಿತು. ಯಾರ ಪಾಲು ಕಡಿಮೆ ಮಾಡಿ ಅಂತ ಕೇಳುವುದು?

ಚೀಟಿಯಲ್ಲಿ ಫೇರ್ ಟ್ರೇಡ್ ಎಂದು ಬರೆಯುವುದಿಲ್ಲ. ಆ ಮುದ್ರೆ ಬೇಕಾದರೆ ತಪಾಸಣೆ, ಪ್ರಮಾಣಪತ್ರ ಎಲ್ಲ ಇರಬೇಕು. ನಮ್ಮ ಹತ್ತಿರ ಇಲ್ಲ. ಇಲ್ಲದ್ದನ್ನು ಹೇಳಿಕೊಳ್ಳಬಾರದು. ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಸರ್ಕಾರದ ಗುರುತು ಇದೆ, ಅದಕ್ಕೆ ಅರ್ಜಿ ಹಾಕುವ ಯೋಚನೆ ಇದೆ. ಪವರ್‌ಲೂಮ್ ಬಟ್ಟೆಯನ್ನು ಹೀಗಳೆಯುವುದನ್ನೂ ಬಿಟ್ಟಿದ್ದೇನೆ. ರಬಕವಿ-ಬನಹಟ್ಟಿಯಲ್ಲಿ ಅದನ್ನೇ ನಂಬಿ ಬದುಕುವ ಮನೆಗಳೂ ನಮ್ಮ ಜಿಲ್ಲೆಯವೇ. ಕೈಮಗ್ಗದ್ದು ಎಂದು ಸುಳ್ಳು ಹೇಳಿ ಮಾರಿದರೆ ಮಾತ್ರ ನನ್ನ ತಕರಾರು.

ನಿಜವಾಗಿ ದಾರಿ ತೆರೆದದ್ದು ಕುಬಸದ ಕಾರ್ಯಕ್ರಮಗಳು. ಬಸುರಿಗೆ ಮಾಡುವ ಶಾಸ್ತ್ರಕ್ಕೆ ನಮ್ಮ ಕಡೆ ಕುಬಸ ಅಂತಲೇ ಹೆಸರು. ಸಂಘದ ಒಬ್ಬ ಸದಸ್ಯೆ ಮಗಳ ಕುಬಸಕ್ಕೆ ಬಂದ ಎಲ್ಲರಿಗೂ ಅಗ್ಗದ ಖಣ ಕೊಡಲು ಪಟ್ಟಿ ಹಾಕುತ್ತಿದ್ದರು, ಐವತ್ತು ಮಂದಿ. ನಾನು ಹೇಳಿದೆ, "ಹತ್ತಿರದ ಎಂಟು ಮಂದಿಗೆ ಉಡೋ ಖಣ ಕೊಡ್ರಿ. ಉಳಿದವರಿಗೆ ಎಲಿ, ಅಡಿಕಿ, ಕಾಯಿ ಸಾಕು." ಖರ್ಚು ಹೆಚ್ಚುಕಮ್ಮಿ ಅಷ್ಟೇ ಆಯಿತು. ಆ ಎಂಟು ಖಣಗಳಲ್ಲಿ ಏಳು ನನ್ನ ಅಂಗಡಿಗೇ ಹೊಲಿಯಲು ಬಂದವು. ಹೊಲಿಸಿಕೊಂಡವರಲ್ಲಿ ಮೂವರು ತಮ್ಮ ಮನೆಯ ಕಾರ್ಯಕ್ಕೆ ಆರ್ಡರ್ ಕೊಟ್ಟರು. ಅಲ್ಲಿಂದ ಸಂಘದ ವಾರದ ಸಭೆಗಳಲ್ಲಿ ಇದನ್ನೇ ಹೇಳುತ್ತಾ ಬಂದೆ.

ಸಮಯದ ವಿಷಯದಲ್ಲಿ ನಾನು ಕಲಿತದ್ದು ಬಹಳ. ಶ್ರಾವಣದ ಖಣವನ್ನು ಆಷಾಢದಲ್ಲಿ ಕೇಳಿದರೆ ನೇಕಾರರು ರಾತ್ರಿಯೆಲ್ಲ ಕೂರಬೇಕು, ಅದೂ ಮಳೆಯ ತೇವದಲ್ಲಿ. ಈಗ ಯುಗಾದಿ ಮುಗಿದ ಕೂಡಲೇ ಹೇಳಿಬಿಡುತ್ತೇನೆ. ಬನಶಂಕರಿ ಜಾತ್ರೆಯದನ್ನು ದಸರೆಗೆ. ಉಳಿದ ಮಾಲನ್ನು ವಾಪಸ್ ಕೊಡುವುದಿಲ್ಲ, ಅದು ನನ್ನ ಜವಾಬ್ದಾರಿ. ಒಂದು ವರ್ಷ 22 ಖಣ ಉಳಿದು, ಸಂಘದ ಕಂತು ಕಟ್ಟಲು ತುಂಬಾ ಒದ್ದಾಡಿದೆ. ಆದರೂ ಆ ಮಾತು ಮುರಿಯಲಿಲ್ಲ.

ಈಗ ನಾಲ್ಕು ಮನೆಗಳಿಂದ ಖಣ ಬರುತ್ತದೆ. ಕಾಲೇಜಿನ ಹುಡುಗಿಯರು ಖಣದ ಕುರ್ತಾ ಕೇಳುತ್ತಿದ್ದಾರೆ, ಆದರೆ ಖಣದ ಅಗಲ ಅದಕ್ಕೆ ಸಾಲದು. ಮಗ್ಗಕ್ಕೆ ಅಗಲದ ಹಣಿಗೆ (ಎಳೆಗಳನ್ನು ಹಿಡಿಯುವ ಬಾಚಣಿಗೆ) ಹಾಕಿ ಮೂರು ಮೀಟರ್ ನೇಯಬಹುದಾ ಎಂದು ಕೇಳಿದ್ದೆ. ಮೊದಲ ಮನೆಯವರು ಒಪ್ಪಿದ್ದಾರೆ. ಮಜೂರಿ ಎಷ್ಟಾಗಬೇಕು ಅಂತ ಈ ಸಲ ಅವರೇ ಲೆಕ್ಕ ಹಾಕಿ ಹೇಳಲಿ ಎಂದಿದ್ದೇನೆ. ಅರ್ಧ ಹಣ ಕೊಟ್ಟು ಬಂದಿದ್ದೇನೆ, ಮುಂದಿನ ಸೋಮವಾರ ಬಟ್ಟೆ ಮಗ್ಗದಿಂದ ಇಳಿಯುತ್ತದೆ.