ಪರ್ಸನಲ್ ಕಂಪ್ಯೂಟರ್ ಉದ್ಯಮದ ಗದ್ಯಭಾಗ: ನಾನು ಉತ್ತರ ಆರಿಸಿದ ಬಗೆ

ಐಐಎಂಗಳಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆಗೆ ಸಿದ್ಧನಾಗುತ್ತಿದ್ದಾಗ ನಾನು ಎಲ್ಲಕ್ಕಿಂತ ನಿಧಾನವಾಗಿ ಓದುತ್ತಿದ್ದುದು ಪರ್ಸನಲ್ ಕಂಪ್ಯೂಟರ್ ಉದ್ಯಮದ ಗದ್ಯಭಾಗಗಳನ್ನು. ಕಂಪ್ಯೂಟರ್ ಸೈನ್ಸ್ ಓದಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಸ್ವಂತ ಯಂತ್ರವನ್ನು ಜೋಡಿಸಿಕೊಂಡಿದ್ದ ನನಗೆ ಗದ್ಯಭಾಗದಲ್ಲಿರುವುದಕ್ಕಿಂತ ಹೆಚ್ಚಿನ ಸಂಗತಿಗಳು ಗೊತ್ತಿರುತ್ತಿದ್ದವು. ಆ ಹೆಚ್ಚಿನ ಸಂಗತಿಗಳನ್ನೇ ಪ್ರಶ್ನೆ ರಚಿಸುವವರು ತಪ್ಪು ಆಯ್ಕೆಗಳಾಗಿ ಕೊಟ್ಟಿರುತ್ತಾರೆ. ಸರಿಯುತ್ತರಕ್ಕೆ 3 ಅಂಕ ಕೊಟ್ಟು ತಪ್ಪು ಆಯ್ಕೆಗೆ 1 ಅಂಕ ಕಳೆಯುವ ಪರೀಕ್ಷೆಯಲ್ಲಿ ಇದನ್ನು ಹಗುರವಾಗಿ ಎಣಿಸುವಂತಿಲ್ಲ. ಅಭ್ಯಾಸಕ್ಕೆ ಸಿಕ್ಕ ಒಂದು ಗದ್ಯಭಾಗವನ್ನು ನಾನು ಬಿಡಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಅದರ ಸಾರಾಂಶ ಹೀಗಿತ್ತು. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ, ಬೇಗನೆ ಮಾರುಕಟ್ಟೆಗೆ ಬರಬೇಕೆಂಬ ಕಾರಣಕ್ಕೆ ಪ್ರೊಸೆಸರನ್ನು ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮನ್ನು ಮೈಕ್ರೋಸಾಫ್ಟ್‌ನಿಂದ ಪಡೆಯಿತು. ಆ ಆಪರೇಟಿಂಗ್ ಸಿಸ್ಟಮನ್ನು ಬೇರೆಯವರಿಗೂ ಮಾರುವ ಹಕ್ಕು ಮೈಕ್ರೋಸಾಫ್ಟ್ ಬಳಿಯೇ ಉಳಿಯಿತು. ಹೊರಗಿನವರು ಕಾರ್ಡುಗಳನ್ನೂ ತಂತ್ರಾಂಶಗಳನ್ನೂ ತಯಾರಿಸಲಿ ಎಂದು ಐಬಿಎಂ ಯಂತ್ರದ ತಾಂತ್ರಿಕ ಕೈಪಿಡಿಯನ್ನು ಪ್ರಕಟಿಸಿತು. ಯಂತ್ರ ಚಾಲೂ ಆದೊಡನೆ ಕೆಲಸ ಆರಂಭಿಸುವ ಬಯಾಸ್ ಎಂಬ ತಂತ್ರಾಂಶದ ಕೋಡು ಆ ಕೈಪಿಡಿಯಲ್ಲೇ ಅಚ್ಚಾಗಿದ್ದರೂ, ಕಾಪಿರೈಟ್‌ನಿಂದಾಗಿ ಅದು ಮಾತ್ರ ಐಬಿಎಂನ ಸ್ವಂತದ್ದಾಗಿ ಉಳಿಯಿತು. 1982ರಲ್ಲಿ ಸ್ಥಾಪನೆಯಾದ ಕಾಂಪ್ಯಾಕ್, ಐಬಿಎಂ ಪಿಸಿಯಂತೆಯೇ ಕೆಲಸ ಮಾಡುವ ನಕಲು ಯಂತ್ರವನ್ನು ತಯಾರಿಸಲು, ಐಬಿಎಂ ಕೋಡನ್ನು ಓದಿರದ ಎಂಜಿನಿಯರುಗಳಿಂದ ಬಯಾಸನ್ನು ಹೊಸದಾಗಿ ಬರೆಸಿತು. 1984ರಲ್ಲಿ ಫೀನಿಕ್ಸ್ ಕಂಪನಿಯು ಅಂಥದೇ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಐಬಿಎಂ 1987ರಲ್ಲಿ ಪಿಎಸ್/2 ಯಂತ್ರಗಳ ಮೂಲಕ ಹಿಡಿತವನ್ನು ಮರಳಿ ಪಡೆಯಲು ಯತ್ನಿಸಿದಾಗ, ಕಾಂಪ್ಯಾಕ್ ಮತ್ತಿತರ ತಯಾರಕರು ಒಟ್ಟಾಗಿ ಮರುವರ್ಷವೇ ತಮ್ಮದೇ ಮಾನದಂಡವನ್ನು ಘೋಷಿಸಿದರು. ಐಬಿಎಂನ ಮುಕ್ತ ವಿನ್ಯಾಸವನ್ನು ಪ್ರಮಾದವೆಂದು ಕರೆಯುವುದು ರೂಢಿಯಾಗಿದ್ದರೂ, ಮುಚ್ಚಿದ ಯಂತ್ರವಾಗಿದ್ದರೆ ಅದು ಉದ್ಯಮದ ಮಾನದಂಡವೇ ಆಗುತ್ತಿರಲಿಲ್ಲ ಎಂದು ಲೇಖಕರು ಕೊನೆಯಲ್ಲಿ ವಾದಿಸಿದ್ದರು.

ಮೊದಲ ಓದಿನಲ್ಲಿ ನಾನು ಇಸವಿಗಳಿಗೆ ಗಮನ ಕೊಡುವುದಿಲ್ಲ. ಬೇಕಾದಾಗ ಅವು ಕಣ್ಣಿಗೆ ಬೀಳುತ್ತವೆ. ಯಾವುದರಿಂದ ಯಾವುದಾಯಿತು ಎಂಬ ಕಾರಣಸರಣಿಯನ್ನು ಮಾತ್ರ ಕಚ್ಚಾ ಹಾಳೆಯಲ್ಲಿ ಬರೆದುಕೊಂಡು, ಲೇಖಕರ ಸ್ವಂತ ವಾದಕ್ಕೆ ಗೆರೆ ಎಳೆಯುತ್ತೇನೆ. ಇಲ್ಲಿ ಅವಸರ, ಹೊರಗಿನ ಭಾಗಗಳು, ಮಾನದಂಡವಾದದ್ದು, ನಕಲು ಯಂತ್ರಗಳು ಬಂದದ್ದು ಎಂಬಿಷ್ಟು ಕೊಂಡಿಗಳು ಸಿಕ್ಕವು. ಗೆರೆ ಕೊನೆಯ ವಾಕ್ಯಕ್ಕೆ ಬಿತ್ತು.

ಮುಖ್ಯ ಆಶಯವನ್ನು ಕೇಳುವ ಪ್ರಶ್ನೆ ಇದರಿಂದ ಬೇಗನೆ ಮುಗಿಯಿತು. ಐಬಿಎಂ ಕೊನೆಗೆ ತನ್ನ ಪಿಸಿ ವ್ಯವಹಾರವನ್ನು ಲೆನೊವೊಗೆ ಮಾರಬೇಕಾಯಿತು ಎಂಬ ಆಯ್ಕೆಯೊಂದಿತ್ತು. 2005ರಲ್ಲಿ ಪೂರ್ಣಗೊಂಡ ಆ ಮಾರಾಟ ನಿಜವೇ, ಆದರೆ ಗದ್ಯಭಾಗ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಮುಕ್ತ ವಿನ್ಯಾಸ ತಯಾರಕರಿಗೆ ಯಾವಾಗಲೂ ಹಾನಿಕರ ಎಂಬ ಆಯ್ಕೆಯನ್ನು ‘ಯಾವಾಗಲೂ’ ಎಂಬ ಒಂದು ಪದವೇ ಹೊರಗಿಟ್ಟಿತು. ಒಂದೇ ನಿರ್ಧಾರ ಯಶಸ್ಸಿಗೂ ಹಿಡಿತ ತಪ್ಪುವುದಕ್ಕೂ ಕಾರಣವಾಯಿತು ಎಂಬ ಆಯ್ಕೆ ಉಳಿಯಿತು.

ಎರಡನೆಯದು ಬಯಾಸ್ ಬಗ್ಗೆ ಏನನ್ನು ಊಹಿಸಬಹುದು ಎಂಬ ಪ್ರಶ್ನೆ. ಇಂಥಲ್ಲಿ ನಾನು ಅನಗತ್ಯವೆಂದು ತೋರುವ ಪದವನ್ನು ಹುಡುಕುತ್ತೇನೆ. ಕಾಂಪ್ಯಾಕ್ ಹೊಸ ಬಯಾಸ್ ಬರೆಸಿತು ಎಂದಷ್ಟೇ ಹೇಳಿದ್ದರೆ ಸಾಕಾಗಿದ್ದ ಕಡೆ, ಆ ಎಂಜಿನಿಯರುಗಳು ‘ಐಬಿಎಂ ಕೋಡನ್ನು ಓದಿರದವರು’ ಎಂದು ಲೇಖಕರು ಏಕೆ ಸೇರಿಸಿದರು? ಕೋಡು ಪ್ರಕಟವಾಗಿದ್ದರೂ ಅದರ ಮೇಲೆ ಕಾಪಿರೈಟ್ ಇತ್ತು. ಓದಿದವರೇ ಬರೆದಿದ್ದರೆ ನಕಲಿನ ಆರೋಪಕ್ಕೆ ಎಡೆಯಿರುತ್ತಿತ್ತು; ಓದದವರು ಬರೆದದ್ದರಿಂದ ಅದು ತಪ್ಪಿತು. ಅಂದರೆ ರಕ್ಷಣೆಯಿದ್ದುದು ಬರೆದ ಕೋಡಿಗೆ, ಅದು ಮಾಡುವ ಕೆಲಸಕ್ಕಲ್ಲ. ಒಂದು ತಂಡ ಕೋಡನ್ನು ಓದಿ ಅದರ ಕೆಲಸವನ್ನಷ್ಟೇ ವಿವರಿಸಿ ಬರೆಯುತ್ತದೆ, ಇನ್ನೊಂದು ತಂಡ ಆ ವಿವರಣೆಯಿಂದಲೇ ಹೊಸದನ್ನು ಕಟ್ಟುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಆದರೆ ಉತ್ತರವನ್ನು ಸಮರ್ಥಿಸಲು ಅದನ್ನು ಬಳಸಲಿಲ್ಲ. ಗದ್ಯಭಾಗದ ಆ ಒಂದು ಪದಪುಂಜ ಸಾಲದಿದ್ದರೆ ಉತ್ತರವನ್ನೇ ಕೈಬಿಡುತ್ತಿದ್ದೆ.

ನಿಜವಾದ ಕಸರತ್ತು ಲೇಖಕರ ವಾದವನ್ನು ಯಾವುದು ದುರ್ಬಲಗೊಳಿಸುತ್ತದೆ ಎಂಬ ಪ್ರಶ್ನೆಯಲ್ಲಿತ್ತು. ಇಲ್ಲಿ ನಿಯಮ ತಿರುವುಮುರುವಾಗುತ್ತದೆ. ಆಯ್ಕೆಗಳು ಗದ್ಯಭಾಗದ ಆಚೆಯಿಂದಲೇ ಬರುತ್ತವೆ ಮತ್ತು ಅವನ್ನು ನಿಜವೆಂದೇ ಒಪ್ಪಿಕೊಂಡು ನೋಡಬೇಕಾಗುತ್ತದೆ. ಮುಕ್ತ ವಿನ್ಯಾಸದ ಹಲವು ಯಂತ್ರಗಳು ಸೋತಿದ್ದವು ಎಂಬ ಆಯ್ಕೆ ಮೊದಲ ನೋಟಕ್ಕೆ ಆಕರ್ಷಕವಾಗಿತ್ತು. ಆದರೆ ಮುಕ್ತತೆ ಇದ್ದರೆ ಸಾಕು ಎಂದು ಲೇಖಕರು ಹೇಳಿಲ್ಲ, ಅದಿಲ್ಲದೆ ಆಗುತ್ತಿರಲಿಲ್ಲ ಎಂದಷ್ಟೇ ಹೇಳಿದ್ದಾರೆ. ಮಳೆಯಿಲ್ಲದೆ ರಾಗಿ ಬೆಳೆಯದು ಎಂದವರಿಗೆ, ಮಳೆ ಬಂದೂ ಬೆಳೆ ಕೆಟ್ಟ ಹೊಲವನ್ನು ತೋರಿಸಿದರೆ ಅವರ ಮಾತು ಸುಳ್ಳಾಗುವುದಿಲ್ಲ. ಆಪಲ್ ಕಂಪನಿಯ 1984ರ ಮ್ಯಾಕಿಂಟಾಶ್ ಮುಚ್ಚಿದ ವಿನ್ಯಾಸದ್ದಾಗಿದ್ದು ಕಚೇರಿಗಳ ಮಾನದಂಡವಾಗಲಿಲ್ಲ ಎಂಬ ಆಯ್ಕೆ ವಾದಕ್ಕೆ ಬಲವನ್ನೇ ಕೊಡುತ್ತಿತ್ತು. ಉಳಿದದ್ದರಲ್ಲಿ, ಆರಂಭದ ಗ್ರಾಹಕರು ಕೊಂಡದ್ದು ಐಬಿಎಂ ಹೆಸರಿನ ಮೇಲಿನ ನಂಬಿಕೆಯಿಂದ, ಹೊರಗಿನವರ ಕಾರ್ಡು, ತಂತ್ರಾಂಶಗಳು ಅವರ ನಿರ್ಧಾರದಲ್ಲಿ ಲೆಕ್ಕಕ್ಕೆ ಬಂದಿರಲಿಲ್ಲ ಎಂಬುದೊಂದೇ ಮುಕ್ತತೆಗೂ ಮಾನದಂಡವಾದುದಕ್ಕೂ ನಡುವಿನ ಕೊಂಡಿಯನ್ನು ಸಡಿಲಿಸುತ್ತಿತ್ತು. ಹೆಸರೇ ಸಾಕಾಗಿದ್ದರೆ ಮುಚ್ಚಿದ ಐಬಿಎಂ ಯಂತ್ರವೂ ಗೆದ್ದಿರಬಹುದು. ಆ ಮಾತು ಚಾರಿತ್ರಿಕವಾಗಿ ಪೂರ್ತಿ ಸರಿಯೆಂದು ನಾನು ಒಪ್ಪುವುದಿಲ್ಲ, ಆದರೆ ಪ್ರಶ್ನೆ ನನ್ನ ಒಪ್ಪಿಗೆಯನ್ನು ಕೇಳಿರಲಿಲ್ಲ.

ಲೇಖಕರ ಧೋರಣೆಯನ್ನು ಕೇಳಿದ ಕೊನೆಯ ಪ್ರಶ್ನೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ‘ರೂಢಿಯಾಗಿದ್ದರೂ’ ಎಂಬ ಪದದ ಮುಂದೆ ಖಂಡನೆಯಾಗಲಿ ಹೊಗಳಿಕೆಯಾಗಲಿ ನಿಲ್ಲುವುದಿಲ್ಲ; ಪ್ರಚಲಿತ ಅಭಿಪ್ರಾಯದ ಮರುಪರಿಶೀಲನೆ ಎಂಬುದನ್ನು ಗುರುತಿಸಿ ಮುಂದಿನ ಗದ್ಯಭಾಗಕ್ಕೆ ಹೋದೆ.